ಬಾಲ್ಕನಿ ಕೈತೋಟ

ಬಾಲ್ಕನಿ ಕೈತೋಟ ಎಂದರೆ ವಸತಿ ಸಮುಚ್ಚಯ ಅಥವಾ ಮಹಡಿ ಮನೆಯ ಬಾಲ್ಕನಿಯಲ್ಲಿ ಕುಂಡ, ತೊಟ್ಟಿ ಹಾಗೂ ಚೀಲಗಳನ್ನು ಬಳಸಿ ಸೊಪ್ಪು, ತರಕಾರಿ, ಸಾಂಬಾರ ಮತ್ತು ಮನೆಮದ್ದಿನ ಗಿಡಗಳನ್ನು ಬೆಳೆಯುವ ಪದ್ಧತಿ. ಹಿತ್ತಲು ಇಲ್ಲದ ಹಾಗೂ ತಾರಸಿಯ ಮೇಲೆ ಹಕ್ಕಿಲ್ಲದ ನಗರವಾಸಿಗಳು ಇದನ್ನು ಅನುಸರಿಸುತ್ತಾರೆ. ನೆಲದ ತೋಟದಲ್ಲಿ ಗಿಡದ ಬೇರು ನೀರು ಮತ್ತು ಪೋಷಕಾಂಶಗಳನ್ನು ಅರಸಿ ದೂರಕ್ಕೆ ಹರಡಬಲ್ಲದು. ಕುಂಡದಲ್ಲಿ ಆ ಅವಕಾಶವಿಲ್ಲ. ಅಲ್ಲಿ ಗಿಡಕ್ಕೆ ದೊರೆಯುವ ಮಣ್ಣು, ನೀರು, ಗೊಬ್ಬರ ಎಲ್ಲವೂ ಬೆಳೆಯುವವರು ಒದಗಿಸಿದಷ್ಟೇ. ಬಿಸಿಲನ್ನು ಮಾತ್ರ ಒದಗಿಸಲು ಸಾಧ್ಯವಿಲ್ಲದ ಕಾರಣ ಬಾಲ್ಕನಿಯ ದಿಕ್ಕೇ ಬೆಳೆಯ ಆಯ್ಕೆಯನ್ನು ನಿರ್ಧರಿಸುತ್ತದೆ. ಈ ಲೇಖನವು ಮುಖ್ಯವಾಗಿ ಬೆಂಗಳೂರಿನ ಹವಾಮಾನ ಮತ್ತು ಪರಿಸ್ಥಿತಿಯನ್ನು ಆಧರಿಸಿದೆ.

## ಹಿನ್ನೆಲೆ

ಕರ್ನಾಟಕದ ಮನೆಗಳಲ್ಲಿ ಹಿತ್ತಲು ಅಡುಗೆಮನೆಯ ಮುಂದುವರಿಕೆಯಂತೆ ಇತ್ತು. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು. ಚಪ್ಪರದ ಮೇಲೆ ಬಸಳೆ, ಅವರೆ, ಹೀರೆ. ಬಾವಿಯ ಬದಿಯಲ್ಲಿ ಒಂದೆಲಗ, ಕರಿಬೇವು ಬೆಳೆಯುತ್ತಿದ್ದವು. ಬೆಂಗಳೂರಿನಲ್ಲಿ ನಿವೇಶನಗಳು ಕಿರಿದಾಗಿ, ವಸತಿ ಸಮುಚ್ಚಯಗಳು ಹೆಚ್ಚಿದಂತೆ ಹಿತ್ತಲು ಕಣ್ಮರೆಯಾಯಿತು. ಮೊದಲು ತಾರಸಿಯೂ ಅನಂತರ ಬಾಲ್ಕನಿಯೂ ಅದರ ಸ್ಥಾನವನ್ನು ಪಡೆದವು.

ನಗರದಲ್ಲಿ ಸಾವಯವ ತಾರಸಿ ತೋಟವನ್ನು ಜನಪ್ರಿಯಗೊಳಿಸಿದವರಲ್ಲಿ ಕೀಟಶಾಸ್ತ್ರಜ್ಞ ಡಾ. ಬಿ. ಎನ್. ವಿಶ್ವನಾಥ್ ಪ್ರಮುಖರು. ಅವರು ತರಬೇತಿ ಶಿಬಿರಗಳ ಮೂಲಕ ಈ ಪದ್ಧತಿಯನ್ನು ಪ್ರಚಾರ ಮಾಡಿದರು. ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗವು 2011ರಿಂದ ನಡೆಸಿಕೊಂಡು ಬಂದ ‘ಊಟ ಫ್ರಮ್ ಯುವರ್ ತೋಟ’ ಕಾರ್ಯಕ್ರಮವು ಬೀಜ, ಗೊಬ್ಬರ, ಕುಂಡ ಹಾಗೂ ಅನುಭವಗಳ ವಿನಿಮಯಕ್ಕೆ ವೇದಿಕೆಯಾಯಿತು.

ಕಸದ ಸಮಸ್ಯೆಯೂ ಮನೆಯ ಕೃಷಿಗೆ ಇಂಬು ನೀಡಿತು. ಮಾವಳ್ಳಿಪುರದ ಗ್ರಾಮಸ್ಥರ ವಿರೋಧದ ನಂತರ 2012ರಲ್ಲಿ ಅಲ್ಲಿನ ಕಸ ವಿಲೇವಾರಿ ನಿಂತಿತು. ಅದೇ ವರ್ಷ ಬೆಂಗಳೂರಿನಲ್ಲಿ ಮನೆಯ ಹಂತದಲ್ಲೇ ಹಸಿ ಕಸ ಮತ್ತು ಒಣ ಕಸವನ್ನು ಬೇರ್ಪಡಿಸುವುದು ಕಡ್ಡಾಯವಾಯಿತು. ಹಸಿ ಕಸವನ್ನು ಮನೆಯಲ್ಲಿಯೇ ಕಾಂಪೋಸ್ಟ್ ಮಾಡಲು ತೊಡಗಿದ ಕುಟುಂಬಗಳಿಗೆ ಆ ಗೊಬ್ಬರವನ್ನು ಬಳಸಲು ಕುಂಡಗಳು ಸಹಜ ದಾರಿಯಾದವು.

## ಬೆಳಕು ಮತ್ತು ದಿಕ್ಕು

ಬೆಂಗಳೂರು ಸುಮಾರು 13° ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ಬರುವ ‘ಶೂನ್ಯ ನೆರಳಿನ ದಿನ’ದಂದು ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೂ ವರ್ಷದ ಉಳಿದ ಭಾಗದಲ್ಲಿ ದಕ್ಷಿಣಕ್ಕೂ ಇರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯನ ಎತ್ತರ ದಕ್ಷಿಣ ದಿಗಂತದಿಂದ ಸುಮಾರು 53° ಮಾತ್ರ. ಹೀಗಾಗಿ ಮೇಲಿನ ಮಹಡಿಯ ಚಪ್ಪಡಿ ಚಾವಣಿಯಂತೆ ಮುಚ್ಚಿದ್ದರೂ ದಕ್ಷಿಣದ ಬಾಲ್ಕನಿಯೊಳಕ್ಕೆ ಚಳಿಗಾಲದಲ್ಲಿ ಬಿಸಿಲು ಆಳವಾಗಿ ಬೀಳುತ್ತದೆ. ಮೇ, ಜೂನ್ ತಿಂಗಳುಗಳಲ್ಲಿ ಅದೇ ಬಾಲ್ಕನಿಯಲ್ಲಿ ನೇರ ಬಿಸಿಲು ಇರುವುದಿಲ್ಲ. ಜನವರಿಯಲ್ಲಿ ಚೆನ್ನಾಗಿ ಕಾಯಿಬಿಟ್ಟ ಟೊಮೇಟೊ ಗಿಡದ ಜಾಗದಲ್ಲೇ ಮೇ ತಿಂಗಳಲ್ಲಿ ನೆಟ್ಟ ಸಸಿ ಸೊರಗಿ ಉದ್ದವಾಗುವುದಕ್ಕೆ ಇದು ಸಾಮಾನ್ಯ ಕಾರಣ.

| ಬಾಲ್ಕನಿಯ ದಿಕ್ಕು | ನೇರ ಬಿಸಿಲು | ಹೊಂದುವ ಬೆಳೆಗಳು |
|---|---|---|
| ಪೂರ್ವ | ವರ್ಷವಿಡೀ ಬೆಳಗಿನ ಹೊತ್ತು | ಎಲ್ಲ ಬಗೆಯ ಸೊಪ್ಪು, ಪುದೀನ, ಹುರುಳಿಕಾಯಿ |
| ಪಶ್ಚಿಮ | ವರ್ಷವಿಡೀ ಮಧ್ಯಾಹ್ನದ ನಂತರ. ಬೇಸಿಗೆಯಲ್ಲಿ ತೀವ್ರ | ಮೆಣಸಿನಕಾಯಿ, ಬದನೆ, ಬೆಂಡೆ, ಬಸಳೆ |
| ದಕ್ಷಿಣ | ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚು | ಚಳಿಗಾಲದಲ್ಲಿ ಟೊಮೇಟೊ, ಮೆಣಸಿನಕಾಯಿ. ಬೇಸಿಗೆಯಲ್ಲಿ ಸೊಪ್ಪು |
| ಉತ್ತರ | ಮುಖ್ಯವಾಗಿ ಮೇ–ಜುಲೈ | ದೊಡ್ಡಪತ್ರೆ, ಪುದೀನ, ಒಂದೆಲಗ, ವೀಳ್ಯದೆಲೆ |

ಎದುರಿನ ಕಟ್ಟಡ ಅಥವಾ ಮರದ ನೆರಳಿನಿಂದ ಈ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಕುಂಡಗಳನ್ನು ಕೊಳ್ಳುವ ಮೊದಲು ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಬಿಸಿಲು ಬೀಳುವ ಜಾಗವನ್ನು ಗುರುತಿಸಿಕೊಳ್ಳುವುದು ಉಪಯುಕ್ತ. ಸಾಮಾನ್ಯವಾಗಿ ಸೊಪ್ಪುಗಳಿಗೆ 3–4 ಗಂಟೆ, ಹೂ ಬಿಟ್ಟು ಕಾಯಿ ಕೊಡುವ ಗಿಡಗಳಿಗೆ 6 ಗಂಟೆಗೂ ಹೆಚ್ಚು ನೇರ ಬಿಸಿಲು ಬೇಕಾಗುತ್ತದೆ. ಬಿಸಿಲಿನ ಕೊರತೆಯನ್ನು ಗೊಬ್ಬರ ಹೆಚ್ಚಿಸಿ ಸರಿದೂಗಿಸಲಾಗದು. ಗಿಡ ಎಲೆ ಬಿಡುತ್ತದೆಯೇ ಹೊರತು ಕಾಯಿ ಕಟ್ಟುವುದಿಲ್ಲ.

## ತೂಕ ಮತ್ತು ಸುರಕ್ಷತೆ

ವಾಸದ ಕಟ್ಟಡಗಳ ವಿನ್ಯಾಸಕ್ಕೆ ಅನ್ವಯಿಸುವ ಭಾರತೀಯ ಮಾನಕ ಐಎಸ್ 875 (ಭಾಗ 2) ಬಾಲ್ಕನಿಗೆ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕೆ.ಜಿ. ಹೊರೆಯನ್ನು ಗಣನೆಗೆ ತೆಗೆದುಕೊಳ್ಳುವಂತೆ ಹೇಳುತ್ತದೆ. ಜನರು, ಬಟ್ಟೆ ಒಗೆಯುವ ಯಂತ್ರ, ಸಾಮಾನುಗಳು, ಕುಂಡಗಳು ಎಲ್ಲವೂ ಈ ಮಿತಿಯೊಳಗೇ ಬರಬೇಕು. ಹಳೆಯ, ಬಿರುಕು ಬಿಟ್ಟ ಅಥವಾ ನಂತರದಲ್ಲಿ ಸೇರಿಸಿ ಕಟ್ಟಿದ ಬಾಲ್ಕನಿಗಳ ಸಾಮರ್ಥ್ಯ ಇದಕ್ಕಿಂತ ಕಡಿಮೆ ಇರಬಹುದು. ಅಂಥ ಕಡೆ ಎಂಜಿನಿಯರರ ಅಭಿಪ್ರಾಯ ಪಡೆಯುವುದು ಅಗತ್ಯ.

15 ಲೀಟರ್ ಹಿಡಿಯುವ ಕುಂಡದಲ್ಲಿ ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ ಅದು ಸುಮಾರು 25 ಕೆ.ಜಿ. ತೂಗುತ್ತದೆ. ತೆಂಗಿನ ನಾರಿನ ಪುಡಿ ಮತ್ತು ಕಾಂಪೋಸ್ಟ್ ಬೆರೆತ ಮಿಶ್ರಣವಾದರೆ 15–18 ಕೆ.ಜಿ. ಆಗುತ್ತದೆ. ಗೋಡೆಯಿಂದ ಹೊರಚಾಚಿದ ಬಾಲ್ಕನಿಯಲ್ಲಿ ಹೊರ ಅಂಚಿನ ತೂಕವು ಚಪ್ಪಡಿಯ ಮೇಲೆ ಹೆಚ್ಚು ಒತ್ತಡ ಉಂಟುಮಾಡುತ್ತದೆ. ಆದರೆ ಬೆಳಕು ಹೆಚ್ಚು ಬೀಳುವುದೂ ಅದೇ ಅಂಚಿನಲ್ಲಿ. ಆದ್ದರಿಂದ ದೊಡ್ಡ ಕುಂಡಗಳನ್ನು ಗೋಡೆಯ ಬದಿಗೆ ಇರಿಸಿ, ಕಂಬಿಯ ಬಳಿ ಸೊಪ್ಪಿನ ಹಗುರ ತಟ್ಟೆಗಳನ್ನು ಮಾತ್ರ ಇಡುವುದು ವಾಡಿಕೆ. ನೇತುಹಾಕುವ ಕುಂಡಗಳನ್ನು ಕಂಬಿಯ ಒಳಭಾಗಕ್ಕೆ ಬಿಗಿಯಾಗಿ ಕಟ್ಟಬೇಕು. ಹೊರಭಾಗದಲ್ಲಿ ತೂಗುವ ಕುಂಡವು ಮುಂಗಾರು ಪೂರ್ವದ ಬಿರುಗಾಳಿಗೆ ಕಳಚಿಬಿದ್ದರೆ ಕೆಳಗೆ ನಡೆಯುವವರ ಪ್ರಾಣಕ್ಕೆ ಅಪಾಯ. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಕಂಬಿಯ ಪಕ್ಕದ ಕುಂಡವೇ ಹತ್ತುವ ಮೆಟ್ಟಿಲಾಗದಂತೆ ಎಚ್ಚರ ವಹಿಸಬೇಕು.

## ಕುಂಡಗಳು

ಮಣ್ಣಿನ ಕುಂಡದ ಗೋಡೆಯ ಮೂಲಕ ನೀರು ಆವಿಯಾಗುವುದರಿಂದ ಬೇರು ತಂಪಾಗಿರುತ್ತದೆ. ಆದರೆ ಕುಂಡ ಭಾರವಾಗಿದ್ದು ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಕುಂಡ ಹಗುರವಾಗಿದ್ದು ತೇವವನ್ನು ಹೆಚ್ಚು ಕಾಲ ಉಳಿಸುತ್ತದೆ. ಗ್ರೋ ಬ್ಯಾಗ್‌ಗಳು ಅಗ್ಗ, ಮಡಚಿಡಲು ಸುಲಭ. ಬಿಸಿಲಿಗೆ ಕೆಲವು ವರ್ಷಗಳಲ್ಲಿ ಹರಿಯುತ್ತವೆ. ಅಕ್ಕಿ ಚೀಲ, ಎಣ್ಣೆ ಡಬ್ಬ, ಹಳೆಯ ಬಕೆಟ್‌ಗಳೂ ಬಳಕೆಯಲ್ಲಿವೆ. ಬಣ್ಣದ ಡಬ್ಬಗಳು ಮತ್ತು ರಾಸಾಯನಿಕ ತುಂಬಿದ್ದ ಪೀಪಾಯಿಗಳು ಆಹಾರದ ಗಿಡಗಳಿಗೆ ಸೂಕ್ತವಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ ಸೀಮಿತಗೊಳಿಸುವ ನಿಯಮ ಭಾರತದಲ್ಲಿ 2017ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು. ಅದಕ್ಕೂ ಹಿಂದೆ ಬಣ್ಣ ಬಳಿದ ಕಬ್ಬಿಣದ ಕಂಬಿಯಿಂದ ಉದುರುವ ಚಕ್ಕೆಗಳು ಸೊಪ್ಪಿನ ಕುಂಡಕ್ಕೆ ಬೀಳದಂತೆ ನೋಡಿಕೊಳ್ಳುವುದು ಒಳಿತು.

ಕುಂಡದ ತಳದಲ್ಲಿ ನೀರು ಬಸಿಯುವ ರಂಧ್ರಗಳು ಅತ್ಯವಶ್ಯ. ತಳದಲ್ಲಿ ದಪ್ಪ ಜಲ್ಲಿ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ಸಣ್ಣ ಕಣಗಳ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯದು. ಹಸಿ ಪದರ ಬೇರಿನ ಕಡೆಗೇ ಮೇಲೇರುತ್ತದೆ, ಬೇರಿಗೆ ಸಿಗುವ ಮಣ್ಣೂ ಕಡಿಮೆಯಾಗುತ್ತದೆ. ರಂಧ್ರದ ಮೇಲೆ ಒಂದು ಹೆಂಚಿನ ಚೂರು ಅಥವಾ ತೆಂಗಿನ ನಾರಿನ ತುಣುಕು ಸಾಕು.

## ಮಣ್ಣಿನ ಮಿಶ್ರಣ ಮತ್ತು ಗೊಬ್ಬರ

ಬೆಂಗಳೂರಿನ ಸುತ್ತಲಿನ ಕೆಮ್ಮಣ್ಣನ್ನು ಮಾತ್ರ ಕುಂಡಕ್ಕೆ ತುಂಬಿದರೆ ಕೆಲವೇ ವಾರಗಳಲ್ಲಿ ಅದು ಗಟ್ಟಿಯಾಗಿ, ನೀರು ಅಂಚಿನಿಂದ ಜಾರಿ ಹೊರಹೋಗುತ್ತದೆ. ಆದ್ದರಿಂದ ಕೆಮ್ಮಣ್ಣು, ತೆಂಗಿನ ನಾರಿನ ಪುಡಿ (ಕೋಕೊಪೀಟ್) ಮತ್ತು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಹುಳು ಗೊಬ್ಬರವನ್ನು ಸಮಪ್ರಮಾಣದಲ್ಲಿ ಬೆರೆಸಲಾಗುತ್ತದೆ. ಪ್ರತಿ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ ಸೇರಿಸುವುದು ರೂಢಿ. ಐದು ಕೆ.ಜಿ. ಕೋಕೊಪೀಟ್ ಇಟ್ಟಿಗೆ ನೀರಿನಲ್ಲಿ ನೆನೆದಾಗ ಸುಮಾರು 70 ಲೀಟರಿನಷ್ಟು ಉಬ್ಬುತ್ತದೆ. ಅದರಲ್ಲಿ ಲವಣದ ಅಂಶ ಇರಬಹುದಾದ್ದರಿಂದ ಎರಡು ಮೂರು ಬಾರಿ ನೀರಿನಲ್ಲಿ ತೊಳೆದು ಹಿಂಡಿ ಬಳಸಬೇಕು. ಕೋಕೊಪೀಟ್ ನೀರನ್ನು ಹಿಡಿದಿಡುತ್ತದೆ, ಆದರೆ ಅದರಲ್ಲಿ ಗಿಡಕ್ಕೆ ಬೇಕಾದ ಪೋಷಕಾಂಶ ಅತ್ಯಲ್ಪ.

ಅರ್ಧ ಕೊಳೆತ ಅಡುಗೆಮನೆ ಕಸವನ್ನು ನೇರವಾಗಿ ಕುಂಡಕ್ಕೆ ಹಾಕಿದರೆ ಅದು ಕೊಳೆಯುವಾಗ ಬಿಸಿ ಉಂಟಾಗುತ್ತದೆ, ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಬಳಸಿಕೊಳ್ಳುತ್ತವೆ, ಸಣ್ಣ ನೊಣಗಳೂ ಮುತ್ತುತ್ತವೆ. ಕಳಿತ ಗೊಬ್ಬರ ಕಪ್ಪಾಗಿ, ಉದುರುದುರಾಗಿ, ಮಳೆಬಿದ್ದ ಮಣ್ಣಿನ ವಾಸನೆ ಹೊಂದಿರುತ್ತದೆ.

ಪ್ರತಿ ಸಲ ನೀರು ಹಾಕಿದಾಗಲೂ ಸ್ವಲ್ಪ ಪೋಷಕಾಂಶ ತಳದಿಂದ ಬಸಿದು ಹೋಗುವುದರಿಂದ ಕುಂಡದ ಗಿಡಕ್ಕೆ ಆಗಾಗ ಗೊಬ್ಬರ ಬೇಕು. ನೆಟ್ಟ ಐದಾರು ವಾರಗಳ ನಂತರ ಮೂರು ನಾಲ್ಕು ವಾರಕ್ಕೊಮ್ಮೆ ಒಂದೆರಡು ಹಿಡಿ ಕಾಂಪೋಸ್ಟನ್ನು ಮೇಲ್ಮಣ್ಣಿಗೆ ಬೆರೆಸಲಾಗುತ್ತದೆ. ಕಡಲೆಕಾಯಿ ಹಿಂಡಿಯನ್ನು ನೆನೆಸಿ, ತಿಳಿಯನ್ನು ಹತ್ತು ಪಟ್ಟು ನೀರಿಗೆ ಬೆರೆಸಿ ಹಾಕುವುದೂ ಉಂಟು. ಇದರ ದುರ್ವಾಸನೆ ಅಕ್ಕಪಕ್ಕದ ಮನೆಗಳಿಗೆ ತೊಂದರೆಯಾಗಬಹುದು. ಮೊಟ್ಟೆಯ ಚಿಪ್ಪು ಮಣ್ಣಿನಲ್ಲಿ ಬಹಳ ನಿಧಾನವಾಗಿ ಕರಗುತ್ತದೆ. ಟೊಮೇಟೊ ಕಾಯಿಯ ತಳ ಕಪ್ಪಾಗುವುದು ಸುಣ್ಣದಂಶದ ಕೊರತೆಯ ಲಕ್ಷಣವಾದರೂ, ಕುಂಡಗಳಲ್ಲಿ ಅದಕ್ಕೆ ಹೆಚ್ಚಾಗಿ ಕಾರಣವಾಗುವುದು ಒಮ್ಮೆ ಒಣಗಿಸಿ ಮತ್ತೊಮ್ಮೆ ನೀರು ಸುರಿಯುವ ಅಭ್ಯಾಸ.

## ನೀರು

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ 15 ಲೀಟರ್ ಕುಂಡದ ದೊಡ್ಡ ಟೊಮೇಟೊ ಗಿಡಕ್ಕೆ ದಿನಕ್ಕೆ ಒಂದರಿಂದ ಎರಡು ಲೀಟರ್ ನೀರು ಬೇಕಾಗಬಹುದು. ಮೇಲಿನ ಮಹಡಿಗಳಲ್ಲಿ ಗಾಳಿಯಿಂದಾಗಿ ಕುಂಡಗಳು ಇನ್ನೂ ಬೇಗ ಒಣಗುತ್ತವೆ. ಚಾವಣಿಯಿರುವ ಬಾಲ್ಕನಿಯ ಒಳಬದಿಗೆ ಮಳೆ ಬೀಳದ ಕಾರಣ ಮಳೆಗಾಲದಲ್ಲೂ ನೀರು ಹಾಕಬೇಕಾಗುತ್ತದೆ. ಅದೇ ವೇಳೆ ಕುಂಡದ ಗಿಡಗಳು ಅತಿಯಾದ ನೀರಿನಿಂದಲೂ ಸಾಯುತ್ತವೆ. ಬೆರಳನ್ನು ಒಂದು ಅಂಗುಲ ಮಣ್ಣಿಗೆ ಊರಿ, ಒಣಗಿದ್ದರೆ ಮಾತ್ರ ತಳದ ರಂಧ್ರದಿಂದ ನೀರು ಹೊರಬರುವವರೆಗೆ ಹಾಕುವುದು ಸರಳ ವಿಧಾನ. ಮೇಲ್ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರನ್ನು ಹೊದಿಸಿದರೆ ಆವಿಯಾಗುವ ನೀರು ಕಡಿಮೆಯಾಗುತ್ತದೆ.

2024ರ ಬೇಸಿಗೆಯಲ್ಲಿ ಬೆಂಗಳೂರು ತೀವ್ರ ನೀರಿನ ಅಭಾವವನ್ನು ಎದುರಿಸಿತು. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು, ಕಟ್ಟಡ ನಿರ್ಮಾಣಕ್ಕೆ ಹಾಗೂ ಕೈದೋಟಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿತು. ಇಂಥ ಸಂದರ್ಭದಲ್ಲಿ ತೋಟವನ್ನು ಉಳಿಸುವುದು ಮನೆಯೊಳಗೆ ಒಮ್ಮೆ ಬಳಸಿದ ನೀರು:

* ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಅದೇ ದಿನ ನೇರವಾಗಿ ಬಳಸಬಹುದು.
* ಉಪ್ಪು ಹಾಕಿ ಬೇಯಿಸಿದ ನೀರು ಮತ್ತು ಪಾತ್ರೆ ತೊಳೆದ ಸೋಪಿನ ನೀರು ಕುಂಡಕ್ಕೆ ಸೂಕ್ತವಲ್ಲ.
* ನೀರು ಶುದ್ಧೀಕರಣ ಯಂತ್ರವು (ಆರ್‌ಒ) ಹೊರಬಿಡುವ ನೀರಿನಲ್ಲಿ ಲವಣಾಂಶ ಹೆಚ್ಚು. ಅದನ್ನೇ ಸತತವಾಗಿ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿ, ಎಲೆಯ ಅಂಚು ಸುಡುತ್ತದೆ. ಬೇರೆ ನೀರಿನೊಂದಿಗೆ ಬೆರೆಸಿ, ಆಗಾಗ ಮಾತ್ರ ಬಳಸಬೇಕು. ಗಡಸು ಕೊಳವೆಬಾವಿ ನೀರಿನಿಂದಲೂ ಇದೇ ತೊಂದರೆ ಉಂಟಾಗುತ್ತದೆ.
* ಕಂಬಿಯ ಬಳಿ ಪಾತ್ರೆಯಿಟ್ಟು ಹಿಡಿದ ಮಳೆನೀರಿನಲ್ಲಿ ಲವಣಾಂಶ ಅತ್ಯಲ್ಪ. ಮಣ್ಣಿನಲ್ಲಿ ಕೂಡಿದ ಲವಣವನ್ನು ತೊಳೆಯಲು ಅದು ಉತ್ತಮ.

ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತಾಣವಾಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 8–10 ದಿನ ಸಾಕಾಗುವುದರಿಂದ ತಟ್ಟೆಗಳನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ಉಜ್ಜಿ ಒಣಗಿಸಬೇಕು. ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಮಾಡಿಕೊಡುವ ಮನೆಗಳಿಗೂ ದಂಡ ವಿಧಿಸಲು ಅವಕಾಶ ಕಲ್ಪಿಸಿತು.

## ಬೆಳೆಗಳು

| ಬೆಳೆ | ಬೇಕಾದ ಆಳ ಅಥವಾ ಕುಂಡ | ಮೊದಲ ಕೊಯ್ಲು |
|---|---|---|
| ಮೆಂತ್ಯ | 10–15 ಸೆ.ಮೀ. | ಬಿತ್ತಿದ 20–25 ದಿನ |
| ಹರಿವೆ | 15 ಸೆ.ಮೀ. | ಬಿತ್ತಿದ 25–30 ದಿನ |
| ಕೊತ್ತಂಬರಿ | 15 ಸೆ.ಮೀ. | ಬಿತ್ತಿದ 35–45 ದಿನ |
| ಪಾಲಕ್ | 15–20 ಸೆ.ಮೀ. | ಬಿತ್ತಿದ 35–40 ದಿನ |
| ಸಬ್ಬಸಿಗೆ | 15–20 ಸೆ.ಮೀ. | ಬಿತ್ತಿದ 40–50 ದಿನ |
| ಗಿಡ ಹುರುಳಿಕಾಯಿ | 8–10 ಲೀಟರ್ | ಬಿತ್ತಿದ 45–55 ದಿನ |
| ಬೆಂಡೆ | 10–15 ಲೀಟರ್ | ಬಿತ್ತಿದ 45–55 ದಿನ |
| ಮೆಣಸಿನಕಾಯಿ | 10–12 ಲೀಟರ್ | ಸಸಿ ನೆಟ್ಟ 60–75 ದಿನ |
| ಟೊಮೇಟೊ, ಬದನೆ | 15–20 ಲೀಟರ್ | ಸಸಿ ನೆಟ್ಟ 65–80 ದಿನ |

### ಸೊಪ್ಪುಗಳು

ಕಡಿಮೆ ಆಳ, ಕಡಿಮೆ ಬಿಸಿಲು ಮತ್ತು ಅಲ್ಪಾವಧಿ, ಈ ಮೂರು ಕಾರಣಗಳಿಂದ ಸೊಪ್ಪುಗಳು ಬಾಲ್ಕನಿಗೆ ಅತ್ಯಂತ ಹೊಂದುವ ಬೆಳೆಗಳು. ಅಡುಗೆಮನೆಯ ಡಬ್ಬದಲ್ಲಿರುವ ಮೆಂತ್ಯವನ್ನೇ ಒಂದು ರಾತ್ರಿ ನೆನೆಸಿ ಬಿತ್ತಬಹುದು. ಕೊತ್ತಂಬರಿ ಬೀಜವೆಂದು ಕರೆಯುವ ಕಾಳಿನಲ್ಲಿ ಎರಡು ಬೀಜಗಳಿರುತ್ತವೆ. ಅದನ್ನು ಹಗುರವಾಗಿ ಉಜ್ಜಿ ಎರಡು ಹೋಳಾಗಿಸಿ ಬಿತ್ತುವುದು ರೂಢಿ. ಮೊಳಕೆಗೆ 8–12 ದಿನ ಬೇಕಾಗುವುದರಿಂದ ಹುಟ್ಟಲಿಲ್ಲವೆಂದು ಮಣ್ಣು ಕೆದಕಬಾರದು. ಬೇಸಿಗೆಯ ತಾಪಕ್ಕೆ ಕೊತ್ತಂಬರಿ ಬೇಗ ಹೂವಿಗೆ ಬರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅದರ ಬದಲು ಹರಿವೆ, ಬಸಳೆ ಬೆಳೆಯುವುದು ಸೂಕ್ತ. ಒಂದೇ ದಿನ ಎಲ್ಲ ತಟ್ಟೆಗಳಿಗೂ ಬಿತ್ತದೆ ಹತ್ತು ದಿನಕ್ಕೊಂದು ತಟ್ಟೆಯಂತೆ ಬಿತ್ತಿದರೆ ಸೊಪ್ಪು ನಿರಂತರವಾಗಿ ದೊರೆಯುತ್ತದೆ. ಹರಿವೆ, ಪಾಲಕ್‌ಗಳನ್ನು ಬುಡದಿಂದ ಎರಡು ಅಂಗುಲ ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ‘ಅರ್ಕಾ ಸುಗುಣ’ ಹಲವು ಬಾರಿ ಕೊಯ್ಯಬಹುದಾದ ಹರಿವೆ ತಳಿ.

### ಬಹುವಾರ್ಷಿಕ ಗಿಡಗಳು

ಪುದೀನ ಮತ್ತು ಬಸಳೆಯನ್ನು ಮಾರುಕಟ್ಟೆಯಿಂದ ತಂದ ಕಂತೆಯ ಬಲಿತ ಕಾಂಡದಿಂದಲೇ ಬೆಳೆಸಬಹುದು. ದೊಡ್ಡಪತ್ರೆ ಸಣ್ಣ ತುಂಡಿನಿಂದ ಬೇರೂರುತ್ತದೆ. ಅದರ ತಂಬುಳಿ ಹಾಗೂ ಕೆಮ್ಮು, ನೆಗಡಿಗೆ ಮನೆಮದ್ದು ಕರ್ನಾಟಕದಲ್ಲಿ ಪ್ರಚಲಿತ. ಒಂದೆಲಗಕ್ಕೆ ಸದಾ ತೇವ ಮತ್ತು ಅರೆನೆರಳು ಬೇಕು. ಚಕ್ರಮುನಿ ಸೊಪ್ಪು ಕಡ್ಡಿಯಿಂದ ಬೆಳೆದು ವರ್ಷಗಟ್ಟಲೆ ಚಿಗುರುತ್ತದೆ.

ಕರಿಬೇವಿನ ಬೀಜ ಒಣಗಿದರೆ ಮೊಳೆಯುವ ಶಕ್ತಿ ಬೇಗ ಕುಂದುವುದರಿಂದ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು ಅಥವಾ ಸಸಿಯನ್ನೇ ತರಬೇಕು. ಮೊದಲ ವರ್ಷ ಬೆಳವಣಿಗೆ ನಿಧಾನ. ಆಗ ಎಲೆ ಕಿತ್ತರೆ ಗಿಡ ಸೊರಗುತ್ತದೆ. ಎರಡನೆಯ ವರ್ಷದಿಂದ ಎಲೆಗಳನ್ನು ಬಿಡಿಯಾಗಿ ಕೀಳುವ ಬದಲು ತುದಿಯನ್ನು ಚಿವುಟಿದರೆ ಕವಲೊಡೆದು ಪೊದೆಯಾಗುತ್ತದೆ.

### ಕಾಯಿ ಬಿಡುವ ಗಿಡಗಳು

ಮೆಣಸಿನಕಾಯಿ ಇವುಗಳಲ್ಲಿ ಸುಲಭವಾದುದು. ಆರೈಕೆಯಿದ್ದರೆ ಒಂದು ಗಿಡ ಒಂದು ವರ್ಷಕ್ಕೂ ಹೆಚ್ಚು ಕಾಲ ಫಲ ಕೊಡುತ್ತದೆ. ಟೊಮೇಟೊ ಗಿಡಕ್ಕೆ ಕೋಲಿನ ಆಸರೆ ಬೇಕು. ಹಗಲಿನ ಉಷ್ಣತೆ 35° ಸೆ. ಸಮೀಪಿಸಿದಾಗ ಹೂ ಉದುರುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ಸೆಪ್ಟೆಂಬರ್–ನವೆಂಬರ್ ನಾಟಿ ಅನುಕೂಲಕರ. ಎಲೆಮುರುಟು ನಂಜು, ದುಂಡಾಣು ಸೊರಗು ಹಾಗೂ ಅಂಗಮಾರಿ ರೋಗಗಳನ್ನು ತಡೆಯುವ ‘ಅರ್ಕಾ ರಕ್ಷಕ್’ ಟೊಮೇಟೊ ಮತ್ತು ಹಳದಿ ನಾಳದ ನಂಜುರೋಗ ನಿರೋಧಕ ‘ಅರ್ಕಾ ಅನಾಮಿಕ’ ಬೆಂಡೆಯೂ ಮೇಲೆ ಹೇಳಿದ ಸಂಸ್ಥೆಯ ಕೊಡುಗೆಗಳೇ. ಅರ್ಕಾ ರಕ್ಷಕ್ ಸಂಕರ ತಳಿಯಾದ್ದರಿಂದ ಅದರ ಹಣ್ಣಿನಿಂದ ತೆಗೆದ ಬೀಜವು ತಾಯಿಗಿಡದ ಗುಣಗಳನ್ನು ಪೂರ್ಣವಾಗಿ ಉಳಿಸಿಕೊಳ್ಳುವುದಿಲ್ಲ.

ಟೊಮೇಟೊ, ಬದನೆ, ಮೆಣಸಿನ ಹೂವುಗಳಲ್ಲಿ ಗಂಡು, ಹೆಣ್ಣು ಭಾಗಗಳು ಒಂದೇ ಹೂವಿನಲ್ಲಿರುವುದರಿಂದ ಹೂಗೊಂಚಲನ್ನು ಬೆಳಗಿನ ಹೊತ್ತು ಮೆಲ್ಲಗೆ ಅಲುಗಿಸಿದರೆ ಕಾಯಿ ಕಟ್ಟಲು ನೆರವಾಗುತ್ತದೆ. ಹೀರೆ, ಹಾಗಲ, ಸೌತೆಗಳಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಬೇರೆ ಬೇರೆ. ಜೇನುನೊಣಗಳು ಅಪರೂಪವಾಗಿರುವ ಎತ್ತರದ ಮಹಡಿಗಳಲ್ಲಿ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಕೈಯಿಂದ ಸೋಕಿಸಬೇಕಾಗುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಎಳೆಯ ಕಾಯಿಯ ಆಕಾರ ಕಾಣುತ್ತದೆ.

## ಕೀಟ ಮತ್ತು ರೋಗ

ಗಿಡಹೇನು, ಬಿಳಿನೊಣ, ಹಿಟ್ಟು ತಿಗಣೆ ಮತ್ತು ಎಲೆಯೊಳಗೆ ಬಿಳಿಗೆರೆ ಕೊರೆಯುವ ರಂಗೋಲಿ ಹುಳು ಸಾಮಾನ್ಯ ಕೀಟಗಳು. ಕುಂಡಗಳ ಸಂಖ್ಯೆ ಕಡಿಮೆಯಿರುವುದರಿಂದ ದಿನವೂ ಎಲೆಯ ಕೆಳಭಾಗವನ್ನು ನೋಡಿ, ಕೀಟವನ್ನು ಕೈಯಿಂದ ತೆಗೆಯುವುದು ಅಥವಾ ನೀರಿನ ಧಾರೆಯಿಂದ ತೊಳೆಯುವುದು ಬಹುತೇಕ ಸಾಕಾಗುತ್ತದೆ. ಹೆಚ್ಚಾದಾಗ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಕೆಲವು ಹನಿ ದ್ರವ ಸೋಪು ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಲಾಗುತ್ತದೆ. ನಂಜುರೋಗ ತಗುಲಿ ಎಲೆ ಮುರುಟಿದ ಗಿಡಕ್ಕೆ ಚಿಕಿತ್ಸೆಯಿಲ್ಲ. ಅದನ್ನು ಕಿತ್ತು ದೂರ ಹಾಕುವುದರಿಂದ ಉಳಿದ ಗಿಡಗಳನ್ನು ಕಾಪಾಡಬಹುದು.

ಕರಿಬೇವು ಮತ್ತು ನಿಂಬೆಯ ಎಲೆಗಳ ಮೇಲೆ ಮೊದಲಿಗೆ ಹಕ್ಕಿಯ ಹಿಕ್ಕೆಯಂತೆ ಕಂಡು, ಬಳಿಕ ಹಸಿರಾಗುವ ಹುಳುಗಳು ನಿಂಬೆ ಚಿಟ್ಟೆಯ ಮರಿಗಳು. ಅವು ಸಣ್ಣ ಗಿಡವನ್ನು ಬೋಳಾಗಿಸಬಲ್ಲವು. ಪಾರಿವಾಳಗಳು ಸಸಿಗಳನ್ನು ಕುಕ್ಕಿ ಕುಂಡದಲ್ಲೇ ಗೂಡು ಕಟ್ಟುವುದರಿಂದ ಅನೇಕರು ಬಾಲ್ಕನಿಗೆ ಬಲೆ ಕಟ್ಟಿಸುತ್ತಾರೆ. ಬಲೆಯ ಕಣ್ಣು ದೊಡ್ಡದಾಗಿದ್ದರೆ ಜೇನುನೊಣಗಳ ಓಡಾಟಕ್ಕೆ ಅಡ್ಡಿಯಾಗದು.

## ಇತಿಮಿತಿಗಳು

ಬಾಲ್ಕನಿ ಕೈತೋಟವು ಒಂದು ಕುಟುಂಬದ ತರಕಾರಿಯ ಅಗತ್ಯವನ್ನು ಪೂರ್ಣವಾಗಿ ನೀಗಿಸಲಾರದು. ಅಕ್ಕಿ, ರಾಗಿ, ಬೇಳೆ, ಈರುಳ್ಳಿ, ಆಲೂಗಡ್ಡೆಗಳಂಥ ಹೊಟ್ಟೆ ತುಂಬಿಸುವ ಪದಾರ್ಥಗಳನ್ನು ಬೆಳೆಯಲು ಬೇಕಾದ ಜಾಗ ಅಲ್ಲಿಲ್ಲ. ಕುಂಡ, ಮಣ್ಣು, ಗೊಬ್ಬರಗಳ ಆರಂಭಿಕ ವೆಚ್ಚವನ್ನು ಲೆಕ್ಕ ಹಾಕಿದರೆ ಮೊದಲ ಟೊಮೇಟೊಗಳು ಮಾರುಕಟ್ಟೆಗಿಂತ ದುಬಾರಿಯಾಗುತ್ತವೆ. ಆದರೆ ಅಲ್ಪ ಪ್ರಮಾಣದಲ್ಲಿ, ಪದೇ ಪದೇ ಮತ್ತು ತಾಜಾ ಆಗಿ ಬೇಕಾಗುವ ಕೊತ್ತಂಬರಿ, ಕರಿಬೇವು, ಪುದೀನ, ಹಸಿಮೆಣಸಿನಕಾಯಿ, ಸೊಪ್ಪುಗಳ ವಿಷಯದಲ್ಲಿ ಅದು ನಿಜವಾದ ಉಪಯೋಗ ನೀಡುತ್ತದೆ. ಕೊಂಡು ತಂದ ಕಂತೆ ಬಾಡಿ ಕಸಕ್ಕೆ ಸೇರುವುದು ತಪ್ಪುತ್ತದೆ, ಯಾವ ಔಷಧಿ ಸಿಂಪಡಿಸಲಾಗಿದೆ ಎಂಬ ತಿಳಿವಳಿಕೆಯೂ ಇರುತ್ತದೆ. ರಸ್ತೆಯ ಬದಿಯ ಬಾಲ್ಕನಿಗಳಲ್ಲಿ ಎಲೆಗಳ ಮೇಲೆ ದೂಳು ಕೂರುವುದರಿಂದ ಮನೆಯಲ್ಲಿ ಬೆಳೆದ ಸೊಪ್ಪನ್ನೂ ಚೆನ್ನಾಗಿ ತೊಳೆದೇ ಬಳಸಬೇಕು.

## ಇವನ್ನೂ ನೋಡಿ

* ತಾರಸಿ ತೋಟ
* ಎರೆಹುಳು ಗೊಬ್ಬರ
* ಶೂನ್ಯ ನೆರಳಿನ ದಿನ
* ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ